ಸೋದರಮಾವಂದಿರಿಗೊಂದು ಎಸ್‌ಎಂಪಿಎಸ್ ಕೈಪಿಡಿ

ಈ ಕೈಪಿಡಿ ಯಾರಿಗೆ

ಅಕ್ಕನ ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. "ಕಂಪ್ಯೂಟರ್ ಅವನ ಮಾವ ಕೊಡಿಸ್ತಾನೆ ಬಿಡಿ" ಎಂದು ಅಕ್ಕ ನೆಂಟರ ಎದುರು ನಿಮ್ಮನ್ನು ಕೇಳದೆಯೇ ಘೋಷಿಸಿಯೂ ಆಗಿದೆ. ಹುಡುಗ ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ಕಳಿಸಿದ್ದಾನೆ. ಬಾಯಿಗೆ ಬಾರದ ಹೆಸರುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ನಿಮಗೂ ಅರ್ಥವಾಗುವಂಥ ಒಂದು ಸಾಲಿದೆ: "ಎಸ್‌ಎಂಪಿಎಸ್ 850 ವ್ಯಾಟ್, ಗೋಲ್ಡ್." ವ್ಯಾಟ್ ಏನೆಂದು ನಿಮಗೆ ಗೊತ್ತು, ಗೋಲ್ಡ್ ಏನೆಂದೂ ಗೊತ್ತು. ಎರಡೂ ದುಬಾರಿ. ಇಂಥ ಹೊತ್ತಿಗೆ ಒದಗಲೆಂದೇ ಈ ಕೈಪಿಡಿ. ಪೂರ್ತಿ ಓದಿದ ಮೇಲಷ್ಟೇ ಪರ್ಸಿಗೆ ಕೈ ಹಾಕತಕ್ಕದ್ದು.

ಗೋಡೆಯಿಂದ ಬರುವ 230 ವೋಲ್ಟ್ ಎಸಿ ಕರೆಂಟನ್ನು 12, 5 ಮತ್ತು 3.3 ವೋಲ್ಟ್ ಡಿಸಿಗೆ ಇಳಿಸಿ ಕಂಪ್ಯೂಟರಿನ ಒಳಗಿನವರಿಗೆ ಹಂಚುವ ಡಬ್ಬಿಯೇ ಎಸ್‌ಎಂಪಿಎಸ್. ಅದರ ಮೈಮೇಲೆ ದಪ್ಪಕ್ಷರದಲ್ಲಿರುವ ಸಂಖ್ಯೆ ಅದು ಕೊಡಬಲ್ಲ ಗರಿಷ್ಠ ಶಕ್ತಿ, ಅದು ಸದಾ ಎಳೆಯುವ ಶಕ್ತಿಯಲ್ಲ. 850ರ ಡಬ್ಬಿ ಹಾಕಿದರೆ ಮೀಟರೂ 850ರ ಲೆಕ್ಕದಲ್ಲೇ ಓಡುತ್ತದೆ ಎಂದು ಹೆದರುವ ಮಾವಂದಿರಿದ್ದಾರೆ. 850 ಹಾಕಿದರೆ ಗೇಮು ಇನ್ನಷ್ಟು ಜೋರಾಗಿ ಓಡುತ್ತದೆ ಎಂದು ನಂಬುವ ಸೋದರಳಿಯಂದಿರೂ ಇದ್ದಾರೆ. ಈ ಇಬ್ಬರ ನಡುವೆ ಜಗಳ ಹತ್ತಿದರೆ ಲಾಭ ಅಂಗಡಿಯವನಿಗೆ. ಕಂಪ್ಯೂಟರ್ ತನಗೆ ಬೇಕಾದಷ್ಟನ್ನು ಮಾತ್ರ ಎಳೆಯುತ್ತದೆ, ಡಬ್ಬಿ ಎಷ್ಟೇ ದೊಡ್ಡದಿರಲಿ.

ಎಚ್ಚರಿಕೆ

ಸ್ಕ್ರೂಡ್ರೈವರ್ ಕೈಗೆ ಸಿಕ್ಕ ಕೂಡಲೇ ಏನನ್ನಾದರೂ ಬಿಚ್ಚಬೇಕೆನಿಸುವುದು ಮಾವಂದಿರ ಹುಟ್ಟುಗುಣ. ಕ್ಯಾಬಿನೆಟ್ ಬಿಚ್ಚಿ, ಧೂಳು ಹೊಡೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಕೂಡದು. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟಿಗೆ ಕಡಿಮೆಯಿಲ್ಲದ ಡಿಸಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಡನೆ ಜಾಗ ಖಾಲಿ ಮಾಡುತ್ತದೆಂಬ ಖಾತರಿಯಿಲ್ಲ.

ಪೂರ್ವಸಿದ್ಧತೆ: ಅಂಗಡಿಗೆ ಹೋಗದಿರುವುದು

ಬೆಂಗಳೂರಿನವರು ಎಸ್.ಪಿ. ರಸ್ತೆಗೆ ಕಾಲಿಡುವ ಮುನ್ನವೇ ಲೆಕ್ಕ ಮುಗಿಸಿರಬೇಕು. ಅಲ್ಲಿ ಹೋದ ಮೇಲೆ ಲೆಕ್ಕಕ್ಕೆ ಪುರುಸೊತ್ತು ಸಿಗುವುದಿಲ್ಲ. ಒಂದು ಕೈಯಲ್ಲಿ ಬಾರ್‌ಕೋಡ್ ಯಂತ್ರ, ಇನ್ನೊಂದರಲ್ಲಿ ಟೀ ಲೋಟ ಹಿಡಿದ ಹುಡುಗ ನಿಮ್ಮ ಮುಖ ನೋಡದೆಯೇ ಶುರು ಮಾಡುತ್ತಾನೆ.

"ಎಷ್ಟು ವ್ಯಾಟ್ ಹಾಕ್ಲಿ ಸರ್?"

"ಎಷ್ಟು ಬೇಕಾಗುತ್ತೆ?"

"ಬೇಕಾಗೋದು ಬೇರೆ ಸರ್, ಹಾಕ್ಸೋದು ಬೇರೆ. ಸೆವೆನ್ ಫಿಫ್ಟಿ ಹಾಕ್ಸ್ಬಿಡಿ, ತಲೆನೋವಿರಲ್ಲ."

"ಐನೂರ ಐವತ್ತು ಸಾಕಲ್ವೇನಪ್ಪ?"

"ಸಾಕು ಸರ್, ಯಾಕ್ ಸಾಕಾಗಲ್ಲ? ನಾಳೆ ಹುಡ್ಗ ದೊಡ್ಡ ಕಾರ್ಡ್ ಹಾಕ್ತೀನಿ ಅಂದ್ರೆ?"

ನಾಳೆಯ ಹೆಸರೆತ್ತಿದರೆ ಮಧ್ಯಮ ವರ್ಗದವರು ತೆಪ್ಪಗಾಗುತ್ತೇವೆ ಎಂಬುದು ಆ ರಸ್ತೆಯ ಮೂಲ ಬಂಡವಾಳ. ಹಾಗಾಗಿ ಹೋಗುವಾಗ ಕೈಯಲ್ಲಿ ಚೀಟಿ ಇರಲಿ. ಚೀಟಿಯಲ್ಲಿ ಏನಿರಬೇಕು ಎಂಬುದು ಮುಂದಿದೆ.

ಹೆಜ್ಜೆ 1: ಕೂಡುವ ಲೆಕ್ಕ

ಹುಡುಗನ ಪಟ್ಟಿಯಲ್ಲಿ ಇಂಟೆಲ್ ಕೋರ್ ಐ5-12400ಎಫ್ ಪ್ರೊಸೆಸರ್, ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಇವೆ ಎನ್ನಿ. ನಡುಮಟ್ಟದ ಗೇಮಿಂಗಿಗೆ ಎಲ್ಲರೂ ಬರೆಯುವ ಚೀಟಿಯೇ ಇದು.

ಮೊದಲು ಪ್ರೊಸೆಸರ್. ಅದರ ವಿವರದಲ್ಲಿ 65 ವ್ಯಾಟ್ ಎಂದಿರುತ್ತದೆ. ಅದನ್ನೇ ಬರೆದುಕೊಂಡು ಹೊರಡಬೇಡಿ, ಕೆಳಗಿನ ಸಾಲಿಗೂ ಕಣ್ಣು ಹಾಯಿಸಿ. ಮೈ ತುಂಬ ಕೆಲಸ ಬಿದ್ದಾಗ ಅದೇ ಚಿಪ್ಪು 117 ವ್ಯಾಟ್‌ವರೆಗೂ ಹೋಗಬಲ್ಲದು. 2021ರ ಕೊನೆಗೆ ಬಂದ 12ನೇ ತಲೆಮಾರಿನಿಂದ ಇಂಟೆಲ್ ಈ ಎರಡೂ ಸಂಖ್ಯೆಗಳನ್ನು ಬಹಿರಂಗವಾಗಿಯೇ ಹಾಕುತ್ತಿದೆ. ಎಎಂಡಿಯವರದು ಇನ್ನೊಂದು ಬಗೆ. ಎಎಂ4, ಎಎಂ5 ಸಾಕೆಟ್ಟಿನ ಅವರ ಡೆಸ್ಕ್‌ಟಾಪ್ ಪ್ರೊಸೆಸರುಗಳ ಡಬ್ಬದ ಮೇಲಿನ ಟಿಡಿಪಿಯನ್ನು ಸಾಮಾನ್ಯವಾಗಿ 1.35ರಿಂದ ಗುಣಿಸಿದರೆ ಸಾಕೆಟ್ ಕೊಡುವ ಮಿತಿ ಸಿಗುತ್ತದೆ: 65 ಎಂದವರು 88 ಎಳೆಯುತ್ತಾರೆ, 105 ಎಂದವರು 142, 170 ಎಂದವರು 230. ಟಿಡಿಪಿ ಎನ್ನುವುದು ಬಿಸಿ ಇಳಿಸುವ ಫ್ಯಾನು ಮಾಡುವವರಿಗೆ ಹೇಳಿದ ಸಂಖ್ಯೆ. ಕರೆಂಟಿನ ಲೆಕ್ಕಕ್ಕೆ ಅದನ್ನು ತಂದವರು ನಾವು.

ಗ್ರಾಫಿಕ್ಸ್ ಕಾರ್ಡಿನದು 115 ವ್ಯಾಟ್. ಮದರ್‌ಬೋರ್ಡ್, ಎರಡು ರ‍್ಯಾಮ್, ಒಂದು ಎಸ್‌ಎಸ್‌ಡಿ, ಮೂರು ಫ್ಯಾನು, ಕೀಬೋರ್ಡು, ಮೌಸು, ಹುಡುಗ ಹಟ ಹಿಡಿದು ಹಾಕಿಸಿಕೊಂಡ ಬಣ್ಣದ ದೀಪಗಳು, ಇಷ್ಟಕ್ಕೂ ಸೇರಿ ಧಾರಾಳವಾಗಿ 50 ಇಡಿ. ಹಳೆಯ ಹಾರ್ಡ್ ಡಿಸ್ಕನ್ನೂ ಸಿಕ್ಕಿಸುವುದಾದರೆ ಒಂದಕ್ಕೆ ಏಳೆಂಟು ವ್ಯಾಟ್. ಅದು ತಿರುಗಲು ಶುರುವಾಗುವ ಕೆಲವು ಕ್ಷಣ ಇಪ್ಪತ್ತರ ಮೇಲೆ ಕೇಳುತ್ತದೆ. ಮಾನಿಟರನ್ನು ಇಲ್ಲಿ ಸೇರಿಸಬೇಡಿ, ಅದಕ್ಕೆ ಅದರದೇ ಪ್ಲಗ್ ಇದೆ.

117, 115, 50. ಕೂಡಿದರೆ 282.

ಇಲ್ಲಿ ಎರಡು ನಿಮಿಷ ಕೂತು, ಆ 282ನ್ನೂ ಚೀಟಿಯ 850ನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇದೂ ಗರಿಷ್ಠದ ಲೆಕ್ಕ. ಪ್ರೊಸೆಸರೂ ಕಾರ್ಡೂ ಒಟ್ಟಿಗೆ ತುದಿಗೇರಬೇಕಾದರೆ ಎರಡನ್ನೂ ಹಿಂಸಿಸಲೆಂದೇ ಬರೆದ ಪರೀಕ್ಷಾ ತಂತ್ರಾಂಶ ಓಡಿಸಬೇಕು. ಗೇಮ್ ಆಡುವಾಗ ಕಾರ್ಡು ದುಡಿಯುತ್ತದೆ, ಈ ದರ್ಜೆಯ ಪ್ರೊಸೆಸರು ಬಹುಪಾಲು ಅರ್ಧ ಕೆಲಸದಲ್ಲೇ ಇರುತ್ತದೆ.

ಹೆಜ್ಜೆ 2: 550 ಎಲ್ಲಿಂದ ಬಂತು ಎಂದು ಕೇಳುವುದು

115 ವ್ಯಾಟಿನ ಈ ಕಾರ್ಡಿಗೆ ಎನ್‌ವಿಡಿಯಾ ಕಂಪನಿಯೇ 550 ವ್ಯಾಟಿನ ಎಸ್‌ಎಂಪಿಎಸ್ ಶಿಫಾರಸು ಮಾಡುತ್ತದೆ. ಹುಡುಗ ಇದನ್ನು ತೋರಿಸಿ "ನೋಡು ಮಾಮ" ಎನ್ನುತ್ತಾನೆ. ಬೆದರಬೇಡಿ.

ಮದುವೆ ಅಡುಗೆಯ ಭಟ್ಟರಿಗೆ "ಮುನ್ನೂರು ಎಲೆ" ಎಂದು ಹೇಳಿದರೆ ಅವರು ನಾನೂರಕ್ಕೆ ಸಾಮಾನು ಬರೆಸುತ್ತಾರೆ. ನಿಮ್ಮ ನೆಂಟರಲ್ಲಿ ಎಷ್ಟು ಜನ ಎರಡನೇ ಪಂಕ್ತಿಗೂ ಕೂರುವವರೆಂದು ಅವರಿಗೆ ಗೊತ್ತಿಲ್ಲ, ನೀವು ತರಿಸುವ ಅಕ್ಕಿ ಎಂಥದ್ದೆಂದೂ ಗೊತ್ತಿಲ್ಲ. ಸಾರು ಸಾಲದೆ ಹೋದರೆ ಕೆಟ್ಟ ಹೆಸರು ಮಾತ್ರ ಅವರಿಗೇ. ಕಾರ್ಡಿನ ಕಂಪನಿಯ ಕಷ್ಟವೂ ಅಷ್ಟೇ. ಪಕ್ಕದಲ್ಲಿ ನೀವು 65ರ ಪ್ರೊಸೆಸರ್ ಕೂರಿಸುತ್ತೀರೋ 250 ಎಳೆಯುವುದನ್ನೋ, ಒಳ್ಳೆಯ ಎಸ್‌ಎಂಪಿಎಸ್ ತರುತ್ತೀರೋ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದನ್ನೋ, ಅವರಿಗೆ ತಿಳಿಯುವುದಿಲ್ಲ. ಎಲ್ಲರ ಪಾಪಕ್ಕೂ ಸೇರಿಸಿ 550 ಎಂದುಬಿಟ್ಟಿದ್ದಾರೆ. ಅಂದರೆ ತಲೆಯ ಮೇಲಿನ ಜಾಗ ಆ ಸಂಖ್ಯೆಯ ಒಳಗೇ ಇದೆ. ಅದರ ಮೇಲೆ ಅಂಗಡಿಯವನು ಇನ್ನೂರು ಸೇರಿಸಿ, ಹುಡುಗ ನೂರು ಸೇರಿಸಿ, ಚೀಟಿ 850ಕ್ಕೆ ಮುಟ್ಟಿದೆ.

ನನ್ನ ಅಭಿಪ್ರಾಯ ಕೇಳಿದರೆ, ಈ ಕಂಪ್ಯೂಟರಿಗೆ ಒಳ್ಳೆಯ ಕಂಪನಿಯ 450 ಸಾಕು, 550 ತಂದರೆ ಸುಖ. ಅದಕ್ಕಿಂತ ಮೇಲಿನದು ನಾಳೆಯ ಖಾತೆಗೆ.

ಹೆಜ್ಜೆ 3: ಸ್ಟಿಕ್ಕರ್ ಓದುವುದು

ಈ ಹೆಜ್ಜೆಯನ್ನು ಹಾರಿಸಿದವರಿಗೆ ಮಿಕ್ಕ ಕೈಪಿಡಿಯಿಂದ ಏನೂ ಪ್ರಯೋಜನವಿಲ್ಲ.

ಎಸ್‌ಎಂಪಿಎಸ್ ಡಬ್ಬಿಯ ಪಕ್ಕೆಯಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. "450 ವ್ಯಾಟ್" ಎಂಬ ದೊಡ್ಡಕ್ಷರ ಅಂಗಡಿಯವನಿಗೆ, ಅದರ ಕೆಳಗಿನ ಸಣ್ಣಕ್ಷರದ ಕೋಷ್ಟಕ ನಿಮಗೆ. ಕನ್ನಡಕ ಹಾಕಿಕೊಂಡು +12 ವೋಲ್ಟ್ ಎಂದಿರುವ ಕಂಬಸಾಲು ಹುಡುಕಿ, ಅದರ ಕೆಳಗೆ ಎಷ್ಟು ಆಂಪಿಯರ್ ಎಂದಿದೆ ನೋಡಿ, 12ರಿಂದ ಗುಣಿಸಿ. 45 ಆಂಪಿಯರ್ ಇದ್ದರೆ 540 ವ್ಯಾಟ್ ಆಯಿತು. ಇದು ಯೋಗ್ಯವಾದ 550ರ ಡಬ್ಬಿಯ ಲಕ್ಷಣ. "450" ಎಂದು ಎದೆಯುಬ್ಬಿಸಿ ನಿಂತ ಡಬ್ಬಿಯ ಕೋಷ್ಟಕದಲ್ಲಿ 14 ಆಂಪಿಯರ್ ಇದ್ದರೆ? 168. ನಿಮ್ಮ ಅಳಿಯನ ಪ್ರೊಸೆಸರು ಮತ್ತು ಕಾರ್ಡು ಇಬ್ಬರೂ ಕೈಚಾಚುವುದು ಈ 12 ವೋಲ್ಟಿನ ಮುಂದೆಯೇ. ಉಳಿದ ವ್ಯಾಟುಗಳನ್ನು 5 ಮತ್ತು 3.3 ವೋಲ್ಟಿನಲ್ಲಿ ರಾಶಿ ಹಾಕಿ ಮೊತ್ತ ಉಬ್ಬಿಸಿರುತ್ತಾರೆ, ಅಲ್ಲಿ ಕೇಳುವವರೇ ಇಲ್ಲ.

ಇದು ಪೂರ್ತಿ ಮೋಸವಲ್ಲ, ಅರ್ಧ ಚರಿತ್ರೆ. ಹಳೆಯ ಪೆಂಟಿಯಮ್ ಕಾಲದಲ್ಲಿ ಪ್ರೊಸೆಸರಿಗೆ ಕರೆಂಟು ಹೋಗುತ್ತಿದ್ದುದು 5 ಮತ್ತು 3.3 ವೋಲ್ಟಿನಿಂದಲೇ. 2000ದಲ್ಲಿ ಪೆಂಟಿಯಮ್ 4 ಬಂದು ಅದಕ್ಕೆಂದೇ 12 ವೋಲ್ಟಿನ ನಾಲ್ಕು ಪಿನ್ನಿನ ಪ್ರತ್ಯೇಕ ವೈರು ಎಳೆಯಬೇಕಾಯಿತು. ಕಾಲು ಶತಮಾನ ಕಳೆದರೂ ಕೆಲವು ಅಗ್ಗದ ಡಬ್ಬಿಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಕೋಷ್ಟಕವೇ ಇಲ್ಲದ ಡಬ್ಬಿ ಸಿಕ್ಕರೆ ಗೌರವಪೂರ್ವಕವಾಗಿ ವಾಪಸು ಕೊಡಿ.

ಚಿನ್ನ, ಬೆಳ್ಳಿ, ಕಂಚಿನ ಬಗ್ಗೆ

2004ರಲ್ಲಿ ಅಮೆರಿಕದಲ್ಲಿ 80 ಪ್ಲಸ್ ಎಂಬ ಪ್ರಮಾಣಪತ್ರ ಶುರುವಾಯಿತು. ಶೇ 20, 50 ಮತ್ತು 100 ಭಾರದಲ್ಲಿ ಎಸ್‌ಎಂಪಿಎಸ್ ಕನಿಷ್ಠ ಶೇ 80 ದಕ್ಷತೆ ತೋರಿಸಬೇಕು, ಅಂದರೆ ಗೋಡೆಯಿಂದ 100 ಎಳೆದರೆ 80ನ್ನಾದರೂ ಕಂಪ್ಯೂಟರಿಗೆ ಮುಟ್ಟಿಸಬೇಕು. ಮಿಕ್ಕಿದ್ದು ಬಿಸಿಗಾಳಿ. ಆಮೇಲೆ ಇದಕ್ಕೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ಟೈಟಾನಿಯಂ ಎಂದು ಒಡವೆ ಅಂಗಡಿಯನ್ನೇ ತೆರೆದರು. 115 ವೋಲ್ಟಿನ ಪರೀಕ್ಷೆಯಲ್ಲಿ ಚಿನ್ನದ ಡಬ್ಬಿ ಅರ್ಧ ಭಾರದಲ್ಲಿ ಶೇ 90 ತೋರಿಸಬೇಕು.

ಹುಡುಗ ಹೇಳುತ್ತಾನೆ: "ಗೋಲ್ಡ್ ತಗೊಂಡ್ರೆ ಕರೆಂಟ್ ಬಿಲ್ ಉಳಿಯುತ್ತೆ ಮಾಮ." ಲೆಕ್ಕ ಹಾಕೋಣ ಕಣೋ, ಕೂತ್ಕೊ ಎನ್ನಿ. ಗೇಮ್ ಆಡುವಾಗ ಒಳಗಿನವರಿಗೆ 220 ವ್ಯಾಟ್ ಬೇಕು ಎನ್ನೋಣ. ಇಲ್ಲಿ ಭಾಗಿಸಬೇಕು, ಗುಣಿಸಬಾರದು. ಶೇ 80ರ ಡಬ್ಬಿ ಗೋಡೆಯಿಂದ 275 ಎಳೆಯುತ್ತದೆ, ಶೇ 90ರದು 244. ಉಳಿತಾಯ 31 ವ್ಯಾಟ್. ದಿನಕ್ಕೆ ನಾಲ್ಕು ಗಂಟೆ ಆಡಿದರೆ (ಆಡುತ್ತಾನೆ) ತಿಂಗಳಿಗೆ ನಾಲ್ಕು ಯೂನಿಟ್ಟಿಗೂ ಕಡಿಮೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ತಿಂಗಳಿಗೆ ಇಪ್ಪತ್ತೆರಡು ರೂಪಾಯಿ ಆಸುಪಾಸು. ಚಿನ್ನದ ಡಬ್ಬಿಗೆ ಹೆಚ್ಚುವರಿ ಎರಡು ಸಾವಿರ ಕೊಟ್ಟಿದ್ದರೆ ಅದು ವಾಪಸು ಬರುವ ಹೊತ್ತಿಗೆ ಹುಡುಗನಿಗೆ ಡಿಗ್ರಿ ಮುಗಿದು ಮದುವೆ ಮಾತು ಶುರುವಾಗಿರುತ್ತದೆ.

ಹಾಗೆಂದು ಚಿನ್ನ ಕೆಟ್ಟದ್ದಲ್ಲ. ದಕ್ಷತೆಗಾಗಿ ಹೆಣಗಿದ ಕಂಪನಿಗಳು ಸಾಮಾನ್ಯವಾಗಿ ಒಳಗಿನ ಕೆಪಾಸಿಟರಿಗೂ ಕಾಸು ಖರ್ಚು ಮಾಡಿರುತ್ತವೆ, ಐದು, ಏಳು, ಹತ್ತು ವರ್ಷ ವಾರಂಟಿಯನ್ನೂ ಕೊಡುತ್ತವೆ. ಕೊಳ್ಳುವುದಿದ್ದರೆ ವಾರಂಟಿ ನೋಡಿ ಕೊಳ್ಳಿ. ಬಿಲ್ಲಿನ ನೆಪ ಬೇಡ. ಇನ್ನೊಂದು ಮಾತು: ಮೂಲ 80 ಪ್ಲಸ್ ಪರೀಕ್ಷೆ ಶೇ 20ಕ್ಕಿಂತ ಕೆಳಗೆ ಇಣುಕುವುದೇ ಇಲ್ಲ. 1000 ವ್ಯಾಟಿನ ಡಬ್ಬಿ ತಂದು ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡಿದರೆ ಅದರ ಮೇಲಿನ ಭಾರ ಶೇ 5. ಅಷ್ಟು ಕೆಳಗೆ ಚಿನ್ನದ ಹೊಳಪೂ ಮಂಕಾಗುತ್ತದೆ.

ಹೆಜ್ಜೆ 4: ಮೀಟರ್ ಬೋರ್ಡಿನ ಮುಂದೆ ನಿಲ್ಲುವುದು

ಕಂಪ್ಯೂಟರ್ ಮನೆಗೆ ಬಂದಿದೆ. ಕೊಂಡ ಮೇಲೆ ಇನ್ನೇನು ಅಳೆಯುವುದು ಎನ್ನಬೇಡಿ. ಈವರೆಗಿನದೆಲ್ಲ ಕಾಗದದ ಮೇಲಿನ ಲೆಕ್ಕ, ಅಕ್ಕ ಒಪ್ಪುವುದಿಲ್ಲ. ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ವ್ಯಾಟ್ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಬಹುದು. ಆದರೆ ಪ್ರತಿ ಮನೆಗೂ ವಿದ್ಯುತ್ ಕಂಪನಿಯವರು ಅದಕ್ಕಿಂತ ಒಳ್ಳೆಯ ಮೀಟರ್ ಆಗಲೇ ಕೂರಿಸಿ ಹೋಗಿದ್ದಾರೆ.

ಅದರ ಮುಖದ ಮೇಲೆ ಮಿಣುಕುವ ಸಣ್ಣ ಕೆಂಪು ದೀಪವಿದೆ, ಪಕ್ಕದಲ್ಲಿ "3200 ಇಂಪ್" ಎಂದೋ "1600 ಇಂಪ್" ಎಂದೋ ಬರೆದಿರುತ್ತದೆ. ಒಂದು ಯೂನಿಟ್ ಉರಿಯುವಷ್ಟರಲ್ಲಿ ದೀಪ ಅಷ್ಟು ಸಲ ಮಿಣುಕುತ್ತದೆ ಎಂದರ್ಥ. 3200ರ ಮೀಟರಿನಲ್ಲಿ ಸೂತ್ರ ಸರಳ: 1125ನ್ನು ಎರಡು ಮಿಣುಕಿನ ನಡುವಿನ ಸೆಕೆಂಡುಗಳಿಂದ ಭಾಗಿಸಿ, ವ್ಯಾಟ್ ಸಿಗುತ್ತದೆ. 1600ರದಾದರೆ 2250ನ್ನು ಭಾಗಿಸಿ. ಒಂದೊಂದೇ ಮಿಣುಕಿಗೆ ಎಣಿಸಿದರೆ ಕೈ ತಪ್ಪುತ್ತದೆ, ಹತ್ತು ಮಿಣುಕಿನ ಹೊತ್ತು ಹಿಡಿದು ಹತ್ತರಿಂದ ಭಾಗಿಸಿ.

ಅಪಾರ್ಟ್‌ಮೆಂಟಿನಲ್ಲಿ ಮೀಟರುಗಳೆಲ್ಲ ಕೆಳಗೆ, ಪಾರ್ಕಿಂಗಿನ ಮೂಲೆಯಲ್ಲಿ, ಸೈಕಲ್ಲುಗಳ ಹಿಂದೆ ಇರುತ್ತವೆ. ನೀವು ಅಲ್ಲಿ ಮೊಬೈಲ್ ಹಿಡಿದು ನಿಲ್ಲಬೇಕು. ಮೂರನೇ ಮಹಡಿಯಲ್ಲಿ ಹುಡುಗ ಕಂಪ್ಯೂಟರ್ ಮುಂದೆ, ಅಕ್ಕ ಫೋನಿನಲ್ಲಿ. ಮನೆಯ ಮಿಕ್ಕೆಲ್ಲ ಸ್ವಿಚ್ಚು ಆರಿಸಬೇಕು, ಫ್ರಿಜ್ ಸಮೇತ.

"ಫ್ರಿಜ್ ಎಷ್ಟ್ ಹೊತ್ತು ಆಫ್ ಇರ್ಬೇಕೋ? ದೋಸೆ ಹಿಟ್ಟು ಹುಳಿ ಬಂದ್ರೆ ಅಷ್ಟೂ ನೀನೇ ತಿನ್ಬೇಕು."

"ಹತ್ತೇ ನಿಮಿಷ ಕಣಕ್ಕ. ದೇವರ ಮನೆ ಲೈಟೂ ಆರ್ಸು."

"ಅದನ್ನ ಮಾತ್ರ ಆರ್ಸಲ್ಲ."

ಆಗಲಿ. ಕಂಪ್ಯೂಟರ್ ಹಾಕುವ ಮುಂಚೆ ಒಂದು ಸಲ ಎಣಿಸಿಕೊಂಡು ದೇವರ ಮನೆಯ ದೀಪ, ವೈಫೈ ರೌಟರು ಇವುಗಳ ಪಾಲನ್ನು ಆಮೇಲೆ ಕಳೆಯಿರಿ. ಈಗ ಹುಡುಗನಿಗೆ ಸುಮ್ಮನೆ ಏನಾದರೂ ಟೈಪ್ ಮಾಡಲು ಹೇಳಿ. ಹತ್ತು ಮಿಣುಕಿಗೆ 160 ಸೆಕೆಂಡ್ ಹಿಡಿದರೆ 70 ವ್ಯಾಟ್. ಅದರಲ್ಲಿ ಮಾನಿಟರಿಗೆ 20. ಉಳಿದ 50ರಲ್ಲಿ ಇಡೀ ಕಂಪ್ಯೂಟರ್ ನಡೆಯುತ್ತಿದೆ, ಹಾಲಿನ ಹಳೇ ಸೀಲಿಂಗ್ ಫ್ಯಾನಿಗಿಂತ ಕಡಿಮೆಯಲ್ಲಿ. 1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯ ಎಸ್‌ಎಂಪಿಎಸ್ 63.5 ವ್ಯಾಟಿನದು. ಕಾಗದ ಪತ್ರ ಬರೆಯುವ ಕೆಲಸಕ್ಕೆ ನಾವು ನಾಲ್ಕು ದಶಕದಿಂದ ಹೆಚ್ಚುಕಡಿಮೆ ಅಷ್ಟೇ ಕರೆಂಟು ಸುಡುತ್ತಾ ಕೂತಿದ್ದೇವೆ.

ಈಗ ಗೇಮ್ ಹಾಕಿಸಿ. ಈ ಆಜ್ಞೆಯನ್ನು ಮಾತ್ರ ಹುಡುಗ ಎರಡನೇ ಸಲ ಹೇಳಿಸಿಕೊಳ್ಳುವುದಿಲ್ಲ. ಮಿಣುಕು ಚುರುಕಾಗುತ್ತದೆ. ಹತ್ತಕ್ಕೆ 42 ಸೆಕೆಂಡ್ ಎಂದರೆ 268 ವ್ಯಾಟ್. ಮಾನಿಟರಿನ 20 ಕಳೆದು, ಎಸ್‌ಎಂಪಿಎಸ್ ತಾನೇ ಬಿಸಿಮಾಡಿ ಕಳೆದುಕೊಂಡದ್ದನ್ನೂ ಬಿಟ್ಟರೆ ಒಳಗಿನವರಿಗೆ ಮುಟ್ಟಿದ್ದು 215ರ ಹತ್ತಿರ. 550ರ ಡಬ್ಬಿ ಶೇ 40ರ ಭಾರದಲ್ಲಿ ನಿರಾಳವಾಗಿ ನಡೆಯುತ್ತಿದೆ. ಲಿಫ್ಟಿನ ತನಕ ಎದೆಯುಬ್ಬಿಸಿ ನಡೆಯಬಹುದು.

ಮೇಲೆ ಭಾವ ಕಾದಿರುತ್ತಾರೆ. ಅವರ ಪ್ರಶ್ನೆ ಒಂದೇ: "ಜೀರೋ ಬಿಲ್ ಹೋಗುತ್ತೇನಪ್ಪ?" ಕರ್ನಾಟಕ ಸರ್ಕಾರದ ಪುಕ್ಕಟೆ ಕರೆಂಟಿನ ಯೋಜನೆ ಗೃಹಜ್ಯೋತಿ 2023ರಲ್ಲಿ ಶುರುವಾದಾಗ ಹಾಕಿಕೊಟ್ಟ ಲೆಕ್ಕ ಇದು: 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10, ಒಟ್ಟು 200 ಯೂನಿಟ್ ಮೀರದಂತೆ. ಆ ವರ್ಷ ಮನೆಯ ಸರಾಸರಿ 120 ಇದ್ದಿದ್ದರೆ ಪುಕ್ಕಟೆ ಸಿಗುವುದು 132. ಈಗಲೂ ಮನೆ 120ರಲ್ಲೇ ಇದ್ದರೆ ಭಾವನವರ ಕೈಯಲ್ಲಿರುವುದು 12 ಯೂನಿಟ್. 268 ವ್ಯಾಟಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಗೇಮ್ ಆಡಿದರೆ ತಿಂಗಳಿಗೆ 32 ಯೂನಿಟ್. ಓದಿನ ಹೆಸರಿನಲ್ಲಿ ಇನ್ನು ನಾಲ್ಕು ಗಂಟೆಯ ಟೈಪಿಂಗಿಗೆ 8. ಹೋಯಿತು ಜೀರೋ ಬಿಲ್. 200 ದಾಟಿಲ್ಲವಾದ್ದರಿಂದ ಹೆಚ್ಚಾದ ಯೂನಿಟ್ಟುಗಳಿಗೆ ಮಾತ್ರ ದುಡ್ಡು, ದಾಟಿದರೆ ಪೂರ್ತಿ ಬಿಲ್ಲು. 450ರ ಡಬ್ಬಿ ಇದ್ದರೂ 850ರದಿದ್ದರೂ ಈ ಲೆಕ್ಕ ಹೆಚ್ಚೆಂದರೆ ಒಂದೆರಡು ಯೂನಿಟ್ ಅತ್ತಿತ್ತ ಆದೀತು. ಗೇಮನ್ನು ಎರಡು ಗಂಟೆಗೆ ಇಳಿಸಿದರೆ 16 ಯೂನಿಟ್ ಉಳಿಯುತ್ತದೆ. ಭಾವನವರಿಗೆ ಇದನ್ನು ಹೇಳುವ ಮುನ್ನ ಹುಡುಗನ ಮುಖ ನೋಡಿ ನಿರ್ಧರಿಸಿ. ಮಾವನ ಸ್ಥಾನಕ್ಕೂ ಒಂದು ಮರ್ಯಾದೆ ಇದೆ.

ದೊಡ್ಡ ಕಾರ್ಡಿನವರಿಗೆ ಪ್ರತ್ಯೇಕ ಸೂಚನೆ

850, 1000 ಎಂಬ ಸಂಖ್ಯೆಗಳೆಲ್ಲ ಬರೀ ಶೋಕಿ ಎಂದು ಈ ಕೈಪಿಡಿ ಹೇಳುತ್ತಿಲ್ಲ. ಆರ್‌ಟಿಎಕ್ಸ್ 4090 ಒಂದೇ 450 ವ್ಯಾಟ್ ಎಳೆಯುತ್ತದೆ, 5090 ಆದರೆ 575. ಪಕ್ಕದಲ್ಲಿ 253 ವ್ಯಾಟ್‌ವರೆಗೆ ಹೋಗುವ ಐ9-14900ಕೆ ಕೂತರೆ ಮಾತು ಬೇರೆ. ಇಂಥ ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಕಡಿಮೆ ಹೊತ್ತು ತಮ್ಮ ಮಿತಿಯನ್ನು ಎಷ್ಟೋ ಪಾಲು ಮೀರಿ ಕರೆಂಟು ಸೆಳೆಯುತ್ತವೆ. ವ್ಯಾಟ್ ಮೀಟರಿನಲ್ಲಿ ಅದು ಕಾಣುವುದಿಲ್ಲ, ಎಸ್‌ಎಂಪಿಎಸ್‌ಗೆ ಮಾತ್ರ ಗೊತ್ತಾಗಿ, ಶಾರ್ಟ್ ಆಯಿತೇನೋ ಎಂದು ಗಾಬರಿಯಾಗಿ ಆರಿಹೋಗುತ್ತದೆ. 2022ರ ಎಟಿಎಕ್ಸ್ 3.0 ನಿಯಮ ಬಂದಿದ್ದು ಇದಕ್ಕಾಗಿ: ತನ್ನ ಮೇಲೆ ಬರೆದಿರುವ ವ್ಯಾಟಿನ ಎರಡರಷ್ಟನ್ನು 100 ಮೈಕ್ರೊಸೆಕೆಂಡ್ ಹೊತ್ತು ತಾಳಿಕೊಳ್ಳಬೇಕು. ಈ ದರ್ಜೆಯ ಕಾರ್ಡು ಕೊಡಿಸುವ ಮಾವಂದಿರು ಆ ಮಾತು ಬರೆದಿರುವ ಡಬ್ಬಿಯನ್ನೇ ಕೇಳಿ. ಹದಿನಾರು ಪಿನ್ನಿನ ವೈರನ್ನು ಪೂರ್ತಿ ಒಳಗೆ ಒತ್ತಿ. ಅರ್ಧ ಕೂತ ಕನೆಕ್ಟರುಗಳು ಕರಗಿ ಹೋದದ್ದು 4090ರ ಮೊದಲ ತಿಂಗಳುಗಳಲ್ಲೇ ಜಗತ್ತಿಗೆಲ್ಲ ಸುದ್ದಿಯಾಗಿತ್ತು.

ತೊಂದರೆ ಮತ್ತು ಪರಿಹಾರ

ಕಂಪ್ಯೂಟರ್ ಆನ್ ಆಗುತ್ತಿಲ್ಲ. ಎಸ್‌ಎಂಪಿಎಸ್‌ನ ಹಿಂಬದಿಯಲ್ಲಿ ಒಂದು ಸಣ್ಣ ಸ್ವಿಚ್ ಇದೆ. ಒತ್ತಿ. ಯಾರಿಗೂ ಹೇಳಬೇಡಿ.

ಗೇಮ್ ಆಡುವಾಗ ಮಾತ್ರ ಇದ್ದಕ್ಕಿದ್ದಂತೆ ಆರಿ ಮತ್ತೆ ಹತ್ತಿಕೊಳ್ಳುತ್ತದೆ. ಹೆಜ್ಜೆ 3ನ್ನು ಹಾರಿಸಿದ್ದೀರಿ.

"600ರ ಯುಪಿಎಸ್ ಇದೆಯಲ್ಲ, 268 ವ್ಯಾಟಿಗೆ ಎರಡು ಗಂಟೆ ಬರುತ್ತೆ" ಎಂದು ಭಾವ ಹೇಳುತ್ತಿದ್ದಾರೆ. ಅದು 600 ವಿಎ, ವ್ಯಾಟ್ ಅಲ್ಲ. ಅಂಥ ಸಾಮಾನ್ಯ ಯುಪಿಎಸ್ ಕೊಡುವುದು 360 ವ್ಯಾಟ್. ಒಳಗಿರುವುದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ, ಅಂದರೆ 84 ವ್ಯಾಟ್-ಗಂಟೆ. 268ರಿಂದ ಭಾಗಿಸಿದರೆ ಕಾಗದದ ಮೇಲೆ ಸುಮಾರು 19 ನಿಮಿಷ. ಆ 7 ಎನ್ನುವುದೂ ಇಪ್ಪತ್ತು ಗಂಟೆ ನಿಧಾನವಾಗಿ ಖಾಲಿ ಮಾಡಿದಾಗಿನ ಸಂಖ್ಯೆ. ಒಮ್ಮೆಲೇ ಹಿಂಡಿದರೆ ಅದರ ಅರ್ಧವನ್ನೂ ನಂಬುವಂತಿಲ್ಲ. ಕರೆಂಟು ಹೋದ ಕೂಡಲೇ ಗೇಮ್ ಉಳಿಸಿ ಮುಚ್ಚಬೇಕು. ಟೈಪಿಂಗಾದರೆ ಅರ್ಧ ಗಂಟೆ ನಡೆದೀತು.

ಕರೆಂಟು ಹೋಗಿದೆ, ಯುಪಿಎಸ್ ಕೂಗುತ್ತಿದೆ, ಕಂಪ್ಯೂಟರೂ ಮಾನಿಟರೂ ಚೆನ್ನಾಗಿ ನಡೆಯುತ್ತಿವೆ, ಆದರೂ ಹುಡುಗ "ಡಿಸ್ಕನೆಕ್ಟ್ ಆಯ್ತು ಮಾಮ" ಎಂದು ಕಿರುಚುತ್ತಿದ್ದಾನೆ. ವೈಫೈ ರೌಟರಿನ ಪ್ಲಗ್ ಇರುವುದು ಟಿವಿ ಸ್ಟ್ಯಾಂಡಿನ ಹಿಂದಿನ ಸಾಕೆಟ್ಟಿನಲ್ಲಿ. ತಂದು ಯುಪಿಎಸ್‌ಗೆ ಸಿಕ್ಕಿಸಿ. ಅದಕ್ಕೆ ಬೇಕಾಗಿರುವುದು ಹತ್ತು ವ್ಯಾಟ್.